ಎಷ್ಟು ಹೊಡೆದರೆ ಸಾಕು?

ಭಾನುವಾರ ಹುಬ್ಬಳ್ಳಿಯ ರಾಜನಗರ ಸ್ಟೇಡಿಯಂನಲ್ಲಿ ನನ್ನ ಪಕ್ಕ ಕೂತಿದ್ದ ಮನುಷ್ಯನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಬುಧವಾರ. ಮನೆಯಲ್ಲಿ ಮೂರು ಸಲ ಹೇಳಿ ಆಯಿತು, ‘ಸಾಕು ಬಿಡ್ರಿ ಇನ್ನ’ ಅಂತ ಬೈಸಿಕೊಂಡೂ ಆಯಿತು. ಹಂಗಾಗಿ ಈಗ ನಿಮ್ಮ ಸರದಿ.

ಕರ್ನಾಟಕ–ಚಂಡೀಗಢ ರಣಜಿ ಮ್ಯಾಚು, 2025ರ ನವೆಂಬರ್. ಮೊದಲ ದಿನ ಕರುಣ್ ನಾಯರ್ 95ಕ್ಕೆ ಔಟಾದ. ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. ಈ ಮಹಾಶಯ ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಅಂದ, “ನೋಡ್ರಿ, ನೂರೂ ಹೊಡೀಲಿಲ್ಲ. ಅದಕ್ಕ ಇವನ್ನ ಇಂಡಿಯಾಕ್ಕ ತಗೊಳ್ಳಂಗಿಲ್ಲ.”

ಅವತ್ತೇ ಕೋಲ್ಕತ್ತಾದಲ್ಲಿ ದಕ್ಷಿಣ ಆಫ್ರಿಕಾ ಎದುರು 124 ರನ್ ಹೊಡೆಯಲಾಗದೆ ಇಂಡಿಯಾ 93ಕ್ಕೆ ಮುಗಿಯಿತು. ಅಲ್ಲಿ ಇಡೀ ಟೀಮು ಸೇರಿ 93, ಇಲ್ಲಿ ಒಬ್ಬನೇ 95. ಪಿಚ್ ಬೇರೆ, ಬೌಲಿಂಗ್ ಬೇರೆ, ಗಿಲ್ ಕುತ್ತಿಗೆ ಹಿಡಿದುಕೊಂಡು ಹೊರಗಿದ್ದ, ಎಲ್ಲಾ ಗೊತ್ತು. ಕಾಮೆಂಟಿನಲ್ಲಿ ಪಾಠ ಮಾಡಲು ಬರಬೇಡಿ. ಆದರೂ ಒಂದು ಸಲ ನಗು ಬರುತ್ತೆ, ಅಲ್ವಾ?

ನಾನು ಆಡಿದ್ದಕ್ಕಿಂತ ಬರೆದದ್ದು ಜಾಸ್ತಿ ಅಂತ ನಿಮಗೆಲ್ಲ ಗೊತ್ತು. ಇಪ್ಪತ್ತು ವರ್ಷದಿಂದ ಈ ಕಡೆಯ ಲೀಗ್ ಮ್ಯಾಚುಗಳಿಗೆ ಸ್ಕೋರ್ ಬರೆಯುತ್ತಾ ಬಂದಿದ್ದೇನೆ. ಒಂದೂ ರನ್ ಬರದ ಮೇಡನ್ ಓವರಿಗೆ ಆರು ಚುಕ್ಕಿ ಇಟ್ಟು ಅವನ್ನು ಎಮ್ ಮಾಡಿ ಜೋಡಿಸುವುದರಲ್ಲಿ ಇರುವ ಸುಖ ಬ್ಯಾಟ್ ಹಿಡಿದಾಗ ನನಗೆ ಸಿಕ್ಕಿಲ್ಲ. ನಮ್ಮ ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್ ಮಾಡಿದರಲ್ಲ, ಆ ಪುಟ ಬರೆದ ಸ್ಕೋರರ್ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ಜೋಶಿಯವರು ಹುಡುಗರಿದ್ದಾಗ ಬೆಳಿಗ್ಗೆ ಬೆಳಿಗ್ಗೆ ಗದಗಿನಿಂದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಹೋಗುತ್ತಿದ್ದರು. ಅವರೂ ರಣಜಿಯಲ್ಲಿ ದುಡಿದೇ 1996ರಲ್ಲಿ ಇಂಡಿಯಾ ಟೀಮಿಗೆ ಹೋದರು. ನಾವೆಲ್ಲ ನಂಬಿದ್ದು ಆ ದಾರಿಯನ್ನು. ರಣಜಿಯಲ್ಲಿ ಹೊಡಿ, ಮೇಲೆ ಹೋಗು.

ಈಗ ಆ ದಾರಿಯಲ್ಲಿ ಕರುಣ್‌ನನ್ನು ನಡೆಸಿದ್ದು ನೋಡಿ. 2016ರ ಡಿಸೆಂಬರ್, ಚೆನ್ನೈ, ಇಂಗ್ಲೆಂಡ್ ಎದುರು ಔಟಾಗದೆ 303. ಅದು ಅವನ ಮೂರನೇ ಟೆಸ್ಟ್. ಮುಂದಿನ ಟೆಸ್ಟಿಗೆ ರಹಾನೆ ವಾಪಸ್ ಬಂದ, ಇವನು ಹೊರಗೆ ಕೂತ. ಮುನ್ನೂರು ಹೊಡೆದು ಬೆಂಚು! ಆಮೇಲೆ ಆಸ್ಟ್ರೇಲಿಯಾ ಎದುರು ನಾಲ್ಕು ಇನಿಂಗ್ಸ್ ಸಿಕ್ಕವು, 26, 0, 23, 5. ಅಲ್ಲಿಗೆ ಬಾಗಿಲು ಹಾಕಿದರು. 2018ರಲ್ಲಿ ಇಂಗ್ಲೆಂಡಿಗೆ ಕರಕೊಂಡು ಹೋಗಿ ಟೂರ್ ಪೂರ್ತಿ ನೀರು ಕೊಡಿಸಿದರು. ಕೊನೆಗೆ ಜಾಗ ಖಾಲಿಯಾದಾಗ ಮಧ್ಯದಲ್ಲಿ ಬಂದು ಸೇರಿಕೊಂಡ ವಿಹಾರಿಯನ್ನು ಆಡಿಸಿದರು.

ದೂರು ದಿಲ್ಲಿ, ಮುಂಬೈ ಮೇಲೆ ಮಾತ್ರ ಹಾಕಬೇಡಿ ಮತ್ತೆ. ನಮ್ಮ ಕರ್ನಾಟಕ ಟೀಮೇ ಅವನನ್ನು ಬಿಟ್ಟಿತ್ತು. 2022ರ ಡಿಸೆಂಬರಿನಲ್ಲಿ ‘ಪ್ರೀತಿಯ ಕ್ರಿಕೆಟ್, ಇನ್ನೊಂದು ಅವಕಾಶ ಕೊಡು’ ಅಂತ ಟ್ವೀಟ್ ಹಾಕಿದನಲ್ಲ, ಆಗ ಅವನ ಕೈಯಲ್ಲಿ ರಾಜ್ಯದ ಟೀಮೂ ಇರಲಿಲ್ಲ. ಆ ಟ್ವೀಟಿಗೆ ನಾನೂ ಒಂದು ಅಳುವ ಮುಖ ಒತ್ತಿ ಊಟಕ್ಕೆ ಹೋದೆ. ನನ್ನ ಕೈಲಾದದ್ದು ಅಷ್ಟೇ.

ವಿದರ್ಭಕ್ಕೆ ಹೋದ, ಈ ಸೀಸನ್ನಿಗೆ ಕರ್ನಾಟಕಕ್ಕೆ ವಾಪಸ್ ಬರುವ ಮೊದಲು ಅಲ್ಲೇ ಆಡಿದ. 2024–25ರ ವಿಜಯ್ ಹಜಾರೆ ಒಂದು ದಿನದ ಟೂರ್ನಿಯಲ್ಲಿ ಎಂಟು ಇನಿಂಗ್ಸು, ಐದು ನೂರು, 779 ರನ್. ಔಟಾದದ್ದು ಎರಡೇ ಸಲ. ಸರಾಸರಿ 389.50. ಇಂಥ ಸರಾಸರಿಯನ್ನು ಬುಕ್ಕಿನ ಕೊನೆಯಲ್ಲಿ ಬರೆಯುವಾಗ ಯಾವ ಸ್ಕೋರರ್ ಆದರೂ ಎರಡು ಸಲ ಭಾಗಾಕಾರ ಮಾಡಿ ನೋಡುತ್ತಾನೆ. ಅದೇ ಸೀಸನ್ನಿನ ರಣಜಿಯಲ್ಲಿ 863 ರನ್, ಫೈನಲ್ಲಿನಲ್ಲಿ 86 ಮತ್ತು 135, ವಿದರ್ಭಕ್ಕೆ ಕಪ್ಪು. ಎಂಟು ವರ್ಷ ಕಾಯಿಸಿದ ಮೇಲೆ ಇಂಗ್ಲೆಂಡ್ ಟೂರಿಗೆ ಕರೆ ಬಂತು.

ಪಕ್ಕದ ಮಿರ್ಚಿ ಸಾಹೇಬರ ವಾದ ಶುರುವಾಗುವುದೇ ಇಲ್ಲಿ. “ಕೊಟ್ರಲ್ರಿ ಚಾನ್ಸು, ನಾಲ್ಕ ಟೆಸ್ಟ್. ಏನ್ ಮಾಡಿದ?” ಎಂಟು ಇನಿಂಗ್ಸಿನಲ್ಲಿ 205. ಕಡಿಮೆಯೇ, ಒಪ್ಪಿದೆ. ಆದರೆ ಲೀಡ್ಸಿನಲ್ಲಿ ಆರನೇ ನಂಬರು, ಮುಂದಿನ ಟೆಸ್ಟಿಗೆ ಮೂರನೇ ನಂಬರು, ಮ್ಯಾಂಚೆಸ್ಟರಿನಲ್ಲಿ ಬೆಂಚು, ಓವಲ್ಲಿನಲ್ಲಿ ಮತ್ತೆ ಒಳಗೆ. ಬಸ್ ಸ್ಟ್ಯಾಂಡಿನಲ್ಲಿ ಸೀಟಿಗೆ ಟವೆಲ್ ಹಾಕಿದವನಿಗೂ ಇದಕ್ಕಿಂತ ಜಾಸ್ತಿ ಗ್ಯಾರಂಟಿ ಇರುತ್ತೆ. ಓವಲ್ಲಿನಲ್ಲಿ ಮೊದಲ ಇನಿಂಗ್ಸ್ 224, ಅದರಲ್ಲಿ 57 ಇವನದ್ದು, ಟೀಮಿನಲ್ಲೇ ದೊಡ್ಡ ಸ್ಕೋರು. ಆ ಟೆಸ್ಟ್ ಗೆದ್ದದ್ದು 6 ರನ್ನಿನಿಂದ. ಆ 57ರಲ್ಲಿ ಏಳು ಕಡಿಮೆ ಮಾಡಿ ನೋಡಿ, ಏನಾಗುತ್ತಿತ್ತು ಅಂತ. ವೆಸ್ಟ್ ಇಂಡೀಸ್ ಸರಣಿಗೆ ಟೀಮು ಆರಿಸುವಾಗ, ಅವನಿಂದ ಇನ್ನೂ ಜಾಸ್ತಿ ಬಯಸಿದ್ದೆವು ಅಂದರು. ಬಯಸಿ, ಬೇಡ ಅನ್ನಲ್ಲ. ಎಂಟು ವರ್ಷ ಏನೂ ಬಯಸದೆ ಸುಮ್ನೆ ಕೂತಿದ್ದವರು ಆರು ವಾರದಲ್ಲಿ ಅಷ್ಟೂ ಬಯಸಿಬಿಟ್ಟರೆ ಹೇಗೆ?

‘ಮುಂಬೈನವರ ಲಾಬಿ’ ಅನ್ನುವ ಗೆಳೆಯರಿಗೆ ಅಮೋಲ್ ಮುಜುಂದಾರ್ ಹೆಸರು ಹೇಳುತ್ತೇನೆ. ಅಪ್ಪಟ ಮುಂಬೈ. ಮೊದಲ ರಣಜಿ ಮ್ಯಾಚಿನಲ್ಲೇ 260, ಒಟ್ಟು 11,167 ಫಸ್ಟ್ ಕ್ಲಾಸ್ ರನ್, ಇಂಡಿಯಾಕ್ಕೆ ಒಂದೂ ಮ್ಯಾಚಿಲ್ಲ. ಈ ನವೆಂಬರ್ 2ನೇ ತಾರೀಕು ನಮ್ಮ ಹುಡುಗಿಯರು ವಿಶ್ವಕಪ್ ಎತ್ತಿದಾಗ ಕೋಚ್ ಆಗಿ ನಿಂತಿದ್ದರಲ್ಲ, ಅವರೇ. ಟಿವಿಯಲ್ಲಿ ಅವರ ಮುಖ ನೋಡಿ ನಾನು ಅತ್ತೆ. ಮನೆಯವರು ಕಪ್ಪಿಗೆ ಅಂದುಕೊಂಡರು.

ಮತ್ತೊಂದು ವಾದ ಇದೆ, ತುಂಬಾ ಬುದ್ಧಿವಂತರದ್ದು. ರಣಜಿ ಬೌಲಿಂಗ್ ಮೆತ್ತಗೆ, ಪಿಚ್ ಸಪಾಟು, ಅಲ್ಲಿನ ರನ್ನನ್ನು ಹಂಗೇ ಲೆಕ್ಕಕ್ಕೆ ಹಿಡಿಯಲು ಬರಲ್ಲ ಅಂತ. ಸರಿ ಸ್ವಾಮಿ. ಹಂಗಾದರೆ ಮುಚ್ಚಿಬಿಡಿ ರಣಜಿಯನ್ನು. ನಾಲ್ಕು ದಿನ ಬಿಸಿಲಲ್ಲಿ ಆಡಿಸಿ, ಬರೆಸಿ, ಕೂಡಿಸಿ, ಆಮೇಲೆ ‘ಈ ನೋಟು ನಮ್ಮಲ್ಲಿ ನಡೆಯಲ್ಲ’ ಅನ್ನುವುದು ಯಾವ ನ್ಯಾಯ? ನಮ್ಮ ಮಯಾಂಕ್ ಅಗರ್ವಾಲ್ 2017–18ರಲ್ಲಿ ಒಂದೇ ರಣಜಿ ಸೀಸನ್ನಿನಲ್ಲಿ 1,160 ಹೊಡೆದ. ಟೆಸ್ಟ್ ಕ್ಯಾಪ್ ಸಿಕ್ಕಿದ್ದು ಮುಂದಿನ ವರ್ಷದ ಡಿಸೆಂಬರಿಗೆ. ಮೆಲ್ಬರ್ನಿನಲ್ಲಿ ಮೊದಲ ಇನಿಂಗ್ಸಿಗೇ 76. ಅಲ್ಲಿ ಈ ನೋಟು ನಡೆಯಿತಲ್ಲ!

ಈಗ ಒಂದು ಮಾತು. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಕೆಲವು ವರ್ಷದ ಹಿಂದೆ ಹುಡುಗರ ಟೀಮೊಂದನ್ನು ಆರಿಸಲು ನಾಲ್ಕು ಜನ ಕೂತಿದ್ದೆವು. ಯಾವ ಟೀಮು, ಎಲ್ಲಿ ಅಂತ ಕೇಳಬೇಡಿ. ‘ನಿಮ್ಮ ಹತ್ರ ಬುಕ್ ಅದಾವಲ್ರಿ’ ಅಂತ ನನ್ನನ್ನೂ ಕೂರಿಸಿದ್ದರು. ಹಾವೇರಿ ಕಡೆಯ ಒಬ್ಬ ಎಡಗೈ ಹುಡುಗ. ಆ ವರ್ಷ ನನ್ನ ಬುಕ್ಕಿನಲ್ಲಿ ಅವನಷ್ಟು ರನ್ ಯಾರದ್ದೂ ಇರಲಿಲ್ಲ. ಹೆಸರು ಬಂದಾಗ ಒಬ್ಬರು ನನ್ನ ಮುಖ ನೋಡಿದರು. ನಾನು ಹೇಳಿದ್ದು ಇಷ್ಟು, “ರನ್ ಏನೋ ಅದಾವ್ರಿ. ಆದ್ರ ಎಲ್ಲಾ ಮ್ಯಾಟ್ ಮ್ಯಾಲಿನ ರನ್ನು. ಟರ್ಫ್ ಮ್ಯಾಲ ನಡೆಯಂಗಿಲ್ಲ.” ಯಾಕೆ ಹಂಗಂದೆ ಗೊತ್ತಿಲ್ಲ. ದೊಡ್ಡವರ ಮಧ್ಯೆ ಕೂತಿದ್ದೆ, ತಿಳಿದವನ ಹಾಗೆ ಕಾಣಬೇಕಿತ್ತು ಅನ್ನಿಸುತ್ತೆ. ಅರ್ಧ ನಿಮಿಷದಲ್ಲಿ ಮುಂದಿನ ಹೆಸರಿಗೆ ಹೋದೆವು. ಆ ಹುಡುಗ ಟರ್ಫ್ ವಿಕೆಟ್, ಅಂದರೆ ದೊಡ್ಡ ಮ್ಯಾಚು ನಡೆಯುವ ಹುಲ್ಲು-ಮಣ್ಣಿನ ಪಿಚ್ಚು, ನೋಡಿಯೇ ಇರಲಿಲ್ಲ. ನೋಡಲು ಅವನಿಗೆ ಯಾರು ಬಿಟ್ಟಿದ್ದರು?

ಭಾನುವಾರ ಸಂಜೆ ಗೇಟಿನ ಹತ್ತಿರ ಅವನೇ ಸಿಕ್ಕ. ದೊಡ್ಡವನಾಗಿದ್ದಾನೆ, ಮೀಸೆ ಬಿಟ್ಟಿದ್ದಾನೆ. ಮ್ಯಾಚ್ ನೋಡಲೆಂದೇ ಬೈಕಿನಲ್ಲಿ ಬಂದಿದ್ದನಂತೆ. “ಆರಾಮದೀರೇನ್ರಿ ಸರ?” ಅಂದ. ಅಂದು ಕೋಣೆಯೊಳಗೆ ಆಡಿದ ಮಾತು ಅವನಿಗೆ ಗೊತ್ತಿದೆಯೋ ಇಲ್ಲವೋ, ಮುಖದಲ್ಲಿ ತಿಳಿಯಲಿಲ್ಲ. ಕರುಣ್ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಅವನ ಮಾತೆಲ್ಲ ಕರ್ನಾಟಕದ ಬ್ಯಾಟರ್ ಸ್ಮರಣ್ ಮೇಲೆ. ಅವನ ಹಾಗೇ ಎಡಗೈ. ಜನವರಿಯಲ್ಲಿ ಹಜಾರೆ ಫೈನಲ್ಲಿನಲ್ಲಿ ಕರುಣ್‌ನ ವಿದರ್ಭದ ಎದುರೇ 101 ಹೊಡೆದು ನಮಗೆ ಕಪ್ಪು ತಂದವನು. ಈ ಸೀಸನ್ನಿನಲ್ಲಿ ಕೇರಳದ ಎದುರು ಔಟಾಗದೆ 220. (ನಮ್ಮೂರ ಮ್ಯಾಚಿನಲ್ಲೂ ಕೊನೆಗೆ ಔಟಾಗದೆ 227 ಮಾಡಿದ. ಆದರೆ ಅದು ಈ ಮಾತಾದ ಮೇಲಿನ ಕತೆ.)

“ಸರ, ನೀವು ಲೆಕ್ಕ ಬರಿಯೋರು, ನಿಮಗ ಗೊತ್ತಿರತೈತಿ. ಎಷ್ಟ ಹೊಡದ್ರ ಸಾಕಾಗತೈತ್ರಿ ಇವರಿಗೆ?”

“ನಡಿ, ಚಾ ಕುಡಿಯೂಣು” ಅಂದೆ.

ದುಡ್ಡು ಅವನೇ ಕೊಟ್ಟ. ನಾನು ಜೇಬಿಗೆ ಕೈ ಹಾಕುವುದರೊಳಗೆ ಕೊಟ್ಟುಬಿಟ್ಟಿದ್ದ.