ಒಂದು ಬಿಳಿ ಹಕ್ಕಿಗೆ ಮೂರು ಗಂಟೆ

ನಮ್ಮ ಕಡೆ ಚಳಿಗಾಲ ಅಂದರೆ ಹಕ್ಕಿಗಳು ಬರುವ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುತ್ತವೆ. ನಾನಿರುವ ಅಮೆರಿಕದ ಕೊಲೊರಾಡೊದ ಬೆಟ್ಟಗಳಲ್ಲಿ ಉಲ್ಟಾ. ಹಿಮ ಬಿತ್ತು ಅಂದರೆ ಹೆಚ್ಚಿನ ಹಕ್ಕಿಗಳು ಗಂಟುಮೂಟೆ ಕಟ್ಟಿ ಕೆಳಗಿಳಿಯುತ್ತವೆ. ಹೋಗದೆ ಉಳಿದವರನ್ನು ನೋಡೋಕೆ ಅಂತ ಇಲ್ಲಿಯ ಜನ ಬೆಟ್ಟ ಹತ್ತುತ್ತಾರೆ. ಮೊದಲ ವರ್ಷ ನನಗೆ ಇದು ಹುಚ್ಚು ಅನಿಸಿತ್ತು.

ಈಗ ನಾನೂ ಆ ಹುಚ್ಚರಲ್ಲಿ ಒಬ್ಬ.

ಹೋದ ಜನವರಿಯಲ್ಲಿ ಆರು ಜನ ಗ್ವಾನೆಲ್ಲಾ ಪಾಸ್ ಅನ್ನೋ ಬೆಟ್ಟದ ಕಣಿವೆದಾರಿಗೆ ಹೋಗಿದ್ದೆವು. ಎತ್ತರ 11,600 ಅಡಿಗಿಂತ ಜಾಸ್ತಿ, ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಮ್ಮಿ ಎರಡರಷ್ಟು. ಚಳಿಗಾಲದಲ್ಲಿ ರಸ್ತೆಯ ಮೇಲ್ಭಾಗ ಮುಚ್ಚಿರುತ್ತಾರೆ. ಗೇಟಿನ ಹತ್ತಿರ ಕಾರು ಬಿಟ್ಟು, ಹಿಮದಲ್ಲಿ ಕಾಲು ಹೂಳದಂತೆ ಬೂಟಿಗೆ ಅಗಲವಾದ ಸ್ನೋಶೂ ಕಟ್ಟಿಕೊಂಡು ನಡೆಯಬೇಕು. ಹುಡುಕುತ್ತಿದ್ದದ್ದು ಬಿಳಿ ಬಾಲದ ಟಾರ್ಮಿಗನ್. ನಮ್ಮ ಕಾಡುಕೋಳಿಯ ದೂರದ ನೆಂಟ ಅನ್ನಿ. ಬೇಸಿಗೆಯಲ್ಲಿ ಬಂಡೆಯ ಬಣ್ಣ, ಚಳಿಗಾಲದಲ್ಲಿ ಪೂರ್ತಿ ಬಿಳಿ. ಪಾದಕ್ಕೂ ಪುಕ್ಕದ ಸಾಕ್ಸ್. ಹಿಮದಲ್ಲೇ ಗುಳಿ ಮಾಡಿಕೊಂಡು ಮಲಗುತ್ತದೆ.

ಮೂರು ಗಂಟೆ ಹುಡುಕಿದೆವು. ಬೈನಾಕ್ಯುಲರ್ ಗಾಜಿಗೆ ಉಸಿರು ತಾಗಿ ಮಂಜುಗಟ್ಟುತ್ತಿತ್ತು. ಬಾಟಲಿಯ ನೀರು ಗಟ್ಟಿ. ಕೊನೆಗೆ ವಿಲ್ಲೋ ಪೊದೆಯ ಪಕ್ಕ ಹಿಮದ ಮೇಲೆ ಸಣ್ಣ ಹೆಜ್ಜೆಗಳ ಸಾಲು ಕಂಡಿತು. ಅದರ ಜಾಡು ಹಿಡಿದು ನೋಡಿದರೆ ಮೂರು ಕರಿ ಚುಕ್ಕೆ. ಎರಡು ಕಣ್ಣು, ಒಂದು ಕೊಕ್ಕು. ಹಕ್ಕಿ ಆಮೇಲೆ ಕಂಡಿತು. ಒಂದಲ್ಲ, ನಾಲ್ಕು! ಹತ್ತು ನಿಮಿಷದಿಂದ ನಾವು ಅವುಗಳ ಎದುರಿಗೇ ನಿಂತಿದ್ದೆವು.

ನಾನು ಫೋಟೋಗೆ ಅಂತ ಎರಡು ಹೆಜ್ಜೆ ಮುಂದಿಟ್ಟೆ. ಗುಂಪಿನ ಹಿರಿಯ ಹೆಂಗಸು ನನ್ನ ತೋಳು ಹಿಡಿದು ನಿಲ್ಲಿಸಿದರು. ಚಳಿಗಾಲದಲ್ಲಿ ಅದಕ್ಕೆ ಸಿಗೋದು ವಿಲ್ಲೋ ಮೊಗ್ಗು ಅಷ್ಟೇ. ನಿನ್ನಿಂದ ಅದು ಎದ್ದು ಓಡಿದರೆ ಇವತ್ತಿನ ಊಟ ಖರ್ಚಾಯಿತು ಅಂದರು. ಆ ಹಕ್ಕಿಗೆ ಮನುಷ್ಯರ ಭಯ ಕಡಿಮೆ, ಹತ್ತಿರ ಹೋದರೂ ಕೂತೇ ಇರುತ್ತದೆ. ಅದಕ್ಕೇ ನಾವು ದೂರ ನಿಲ್ಲಬೇಕಂತೆ.

ನನಗೆ ನಾಚಿಕೆಯಾಯಿತು. ಹಿಂದಿನ ವರ್ಷ ಊರಿಗೆ ಬಂದಾಗ ಕಾಡಿನಂಚಿನ ಒಂದು ಕಡೆ ಹಕ್ಕಿ ನೋಡೋಕೆ ಹೋಗಿದ್ದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ, ಹಾಕಿ, ಹತ್ತನೇ ಸಲಕ್ಕೆ ಅದು ಗಾಬರಿಯಿಂದ ಹೊರಗೆ ಬಂತು. ಹನ್ನೆರಡು ಕ್ಯಾಮೆರಾ ಒಟ್ಟಿಗೆ ಕ್ಲಿಕ್ ಅಂದವು. ಅದರಲ್ಲಿ ನನ್ನದೂ ಒಂದು. ಕಾಸು ಕೊಟ್ಟಿದ್ದೀನಿ, ಹಕ್ಕಿ ಬರಲೇಬೇಕು ಅನ್ನೋ ಧೋರಣೆ. ಇದು ಬಿಡಬೇಕು, ಅಷ್ಟೇ.

ಹಾಗಂತ ಇಲ್ಲಿಯವರೆಲ್ಲ ಋಷಿಗಳಲ್ಲ. ನೋಡಿದ ಹಕ್ಕಿಗಳ ಪಟ್ಟಿ ಬೆಳೆಸುವ ಚಟ ಇವರಿಗೂ ಇದೆ. ಇಲ್ಲಿ ರೋಸಿ ಫಿಂಚ್ ಅನ್ನೋ ಪುಟ್ಟ ಹಕ್ಕಿಗಳ ಮೂರು ಬಗೆ ಚಳಿಗಾಲ ಕಳೆಯುತ್ತವೆ. ಹಿಮ ಜೋರಾದರೆ ಬೆಟ್ಟದೂರುಗಳ ಮನೆಗಳಿಗೆ ಕಾಳು ತಿನ್ನೋಕೆ ಇಳಿಯುತ್ತವೆ. ಯಾರದೋ ಮನೆ ಮುಂದೆ ಕಾರು ನಿಲ್ಲಿಸಿ, ಮೂರಕ್ಕೂ ಟಿಕ್ ಹಾಕಿ, ಮನೆಯವರ ಮುಖ ಕೂಡ ನೋಡದೆ ಹೊರಟುಬಿಡುತ್ತಾರೆ. ಇವರ ಬೂಟು, ಜಾಕೆಟ್, ಟೆಲಿಸ್ಕೋಪ್ ಎಲ್ಲದರ ಬೆಲೆ ಸೇರಿಸಿದರೆ ಊರಲ್ಲಿ ಒಂದು ಒಳ್ಳೇ ಎಮ್ಮೆ ಬರುತ್ತದೆ.

ಕೊಕ್ಕರೆ ಬೆಳ್ಳೂರಿನಲ್ಲಿ ಹಾಗಲ್ವಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಮರದಲ್ಲೇ ಮರಿ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಮಕ್ಕಳು ಅಂತಾರೆ ಊರಿನವರು. ಅಂಗಳವೆಲ್ಲ ಹಿಕ್ಕೆ, ವಾಸನೆ. ಅದನ್ನೇ ಗುಡಿಸಿ ಗೊಬ್ಬರ ಮಾಡುತ್ತಾರೆ. ಅಲ್ಲಿಯ ಅಜ್ಜಿಯರ ಹತ್ತಿರ ಬೈನಾಕ್ಯುಲರ್ ಇಲ್ಲ. ಆದರೆ ಯಾವ ಮರದಲ್ಲಿ ಎಷ್ಟು ಗೂಡು ಅಂತ ಕೇಳಿ ನೋಡಿ.

ಬೆಟ್ಟದಿಂದ ಇಳಿದು ಜಾರ್ಜ್‌ಟೌನಿನಲ್ಲಿ ಬಿಸಿ ಕಾಫಿ ಹಿಡಿದುಕೊಂಡು ಹೊಳೆಯ ಪಕ್ಕ ನಿಂತೆವು. ದಡದಲ್ಲೆಲ್ಲ ಮಂಜುಗಡ್ಡೆ. ಬೂದು ಬಣ್ಣದ ಒಂದು ಡಿಪ್ಪರ್ ಹಕ್ಕಿ ಮುಷ್ಟಿಯಷ್ಟು ಮೈ ಕುಣಿಸುತ್ತಾ ಬಂದು, ಸುಮ್ನೆ ಆ ನೀರಿಗೆ ಮುಳುಗಿ ಹುಳ ಹಿಡಿದುಕೊಂಡು ಎದ್ದಿತು. ನೋಡುತ್ತಿದ್ದ ನನಗೇ ನಡುಕ ಬಂತು.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಬಿಳಿ ಹಕ್ಕಿಯ ಫೋಟೋ ಕಳಿಸಿದ್ದೆ. ಅವಳಿಗೆ ಬರೀ ಹಿಮ ಕಂಡಿತ್ತು. ಎಲ್ಲಿದೆ ಅಂತ ಹೇಳಿಕೊಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಷ್ಟು ಚಳಿಯಲ್ಲಿ ಅದಕ್ಕೆ ತಿನ್ನೋಕೆ ಏನು ಸಿಗತ್ತೋ?"

"ಮೊಗ್ಗು ತಿನ್ನತ್ತಂತೆ ಅಮ್ಮಾ."

"ಬರೀ ಮೊಗ್ಗಾ? ನೀವು ಹೋಗಿ ಅದನ್ನ ಎಬ್ಬಿಸಲಿಲ್ಲ ತಾನೇ?"