ರ‍್ಯಾಂಕಿಂಗ್ ಬೇಡ, ನಿಮ್ಮ ಸಿಲಬಸ್ ಕಳಿಸಿ

ದಸರಾ ಮುಗಿದು ದೀಪಾವಳಿ ಬರುವಷ್ಟರಲ್ಲಿ ನನ್ನ ವಾಟ್ಸಾಪ್‌ಗೆ ಎಕ್ಸೆಲ್ ಶೀಟುಗಳು ಬರಲು ಶುರುವಾಗುತ್ತವೆ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಇರುವುದು ಊರಿಗೆಲ್ಲ ಗೊತ್ತು. ಹಾಗಾಗಿ ದೊಡ್ಡಮ್ಮನ ಮೊಮ್ಮಗ, ಅಣ್ಣನ ಫ್ರೆಂಡಿನ ಮಗಳು, ಯಾರದೋ ಪಕ್ಕದ ಮನೆ ಹುಡುಗ, ಎಲ್ಲರದೂ ಒಂದೇ ಪ್ರಶ್ನೆ. "ಅಕ್ಕಾ, ಎಂಎಸ್‌ಗೆ ಜರ್ಮನಿ ಅಂತ ಡಿಸೈಡ್ ಮಾಡಿದೀನಿ. ಈ ಲಿಸ್ಟಲ್ಲಿ ಯಾವ್ದು ಇಟ್ಕೊಳ್ಳಲಿ, ಯಾವ್ದು ಬಿಡ್ಲಿ?" ಲಿಸ್ಟ್ ತೆರೆದರೆ ಇಪ್ಪತ್ತು ಇಪ್ಪತ್ತೈದು ಹೆಸರು. ಪಕ್ಕದಲ್ಲಿ, ಜಗತ್ತಿನ ಯೂನಿವರ್ಸಿಟಿಗಳನ್ನು ಸಾಲು ಹಚ್ಚುವ ಕ್ಯೂಎಸ್ ಪಟ್ಟಿಯ ರ‍್ಯಾಂಕ್. ಸೀಟು ಸಿಗುವ ಸಾಧ್ಯತೆ ನೋಡಿ ಕೆಂಪು ಬಣ್ಣದಲ್ಲಿ ಆಂಬಿಷಿಯಸ್, ಹಳದಿಯಲ್ಲಿ ಮಾಡರೇಟ್, ಹಸಿರಿನಲ್ಲಿ ಸೇಫ್.

ನನ್ನ ತಕರಾರು ಈ ಮೂರು ಬಣ್ಣದ ಮೇಲೆ.

ಈ ಲೆಕ್ಕಾಚಾರ ಬಂದಿರುವುದು ಅಮೆರಿಕದ ಕಡೆಯಿಂದ. ಅಲ್ಲಿ ಅದಕ್ಕೆ ಅರ್ಥ ಇದೆ. ಅಲ್ಲಿನ ಕಮಿಟಿಯವರು ನಿಮ್ಮ ಎಸ್‌ಒಪಿ (ಯಾಕೆ ಈ ಕೋರ್ಸು ಅಂತ ನೀವು ಬರೆಯುವ ಪತ್ರ), ಪ್ರಾಜೆಕ್ಟು, ಮೇಷ್ಟ್ರ ಶಿಫಾರಸು, ಕೆಲಸದ ಅನುಭವ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ತೂಗುತ್ತಾರೆ. ಸಿಜಿಪಿಎ 7.5 ಇದ್ದವನಿಗೆ ಸಿಕ್ಕಿದ ಸೀಟು 9 ಇದ್ದವಳಿಗೆ ತಪ್ಪಿಹೋಗಬಹುದು. ಯಾಕೆ ಅಂತ ಯಾರೂ ಹೇಳುವುದಿಲ್ಲ. ಅಂಥ ಕಡೆ ಮೇಲೆ ನಾಲ್ಕು, ನಡುವೆ ನಾಲ್ಕು, ಕೆಳಗೆ ಎರಡು ಅಂತ ಅದೃಷ್ಟವನ್ನು ಹಂಚಿಟ್ಟುಕೊಳ್ಳುವುದು ಬುದ್ಧಿವಂತಿಕೆ.

ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುಪಾಲು ಹೀಗೆ ನಡೆಯುವುದಿಲ್ಲ. ಇಲ್ಲಿ ಒಂದೊಂದು ಕೋರ್ಸಿಗೂ ಒಂದೊಂದು ಪ್ರವೇಶ ನಿಯಮಾವಳಿ ಇದೆ. ಯಾವ ಪದವಿ ಇರಬೇಕು, ಯಾವ ವಿಷಯದಲ್ಲಿ ಎಷ್ಟು ಕ್ರೆಡಿಟ್ ಇರಬೇಕು, ಕನಿಷ್ಠ ಗ್ರೇಡ್ ಎಷ್ಟು, ಐಇಎಲ್‌ಟಿಎಸ್ ಎಷ್ಟು, ಎಲ್ಲಾ ಅದರಲ್ಲಿ ಬರೆದಿರುತ್ತದೆ. ಸೀಟಿಗೆ ಮಿತಿ ಇಲ್ಲದ ಕೋರ್ಸಾದರೆ ಷರತ್ತು ಪೂರೈಸಿದವರಿಗೆಲ್ಲ ಸೀಟು. ಮಿತಿ ಇದ್ದರೆ ಹೆಚ್ಚಾಗಿ ಗ್ರೇಡಿನ ಮೇಲೆ ಸಾಲು ನಿಲ್ಲಿಸುತ್ತಾರೆ. ಇದನ್ನು ಇಲ್ಲಿ ಎನ್‌ಸಿ ಅಂತಾರೆ. ಎಸ್‌ಒಪಿಗೂ ಅಂಕ ಕೊಡುವ, ಇಂಟರ್‌ವ್ಯೂ ಮಾಡುವ ಕೋರ್ಸುಗಳೂ ಇವೆ. ಆದರೆ ಅಲ್ಲಿಗೂ ಮೊದಲು ಷರತ್ತಿನ ಬಾಗಿಲು ದಾಟಬೇಕು.

ಅಂದರೆ ಇಲ್ಲಿ ‘ಸೇಫ್’ ಯೂನಿವರ್ಸಿಟಿ ಅನ್ನೋದೇ ಇಲ್ಲ. ಯಾವುದೋ ಸಣ್ಣ ಊರಿನದು, ರ‍್ಯಾಂಕಿಂಗ್‌ನಲ್ಲಿ ಕಾಣುವುದೇ ಇಲ್ಲ, ಹೇಗೂ ಸಿಗುತ್ತೆ ಅಂತ ಹಸಿರು ಬಳಿದಿರುತ್ತೀರಿ. ಗಣಿತದಲ್ಲಿ ಕ್ರೆಡಿಟ್ ಸಾಲದು ಅಂತ ಅದೇ ಮೊದಲು ರಿಜೆಕ್ಟ್ ಮಾಡುತ್ತದೆ. ಕೆಂಪು ಬಳಿದಿದ್ದು ಕರೆದು ಸೀಟು ಕೊಡುತ್ತದೆ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಈ ಸಲ ನನ್ನ ಹತ್ತಿರ ಬಂದವಳು ದಾವಣಗೆರೆ ಕಡೆಯ ಹುಡುಗಿ, ದೂರದ ಸಂಬಂಧ. ಬಿಇ ಮೆಕ್ಯಾನಿಕಲ್, ಸಿಜಿಪಿಎ ಹತ್ತಕ್ಕೆ 7.2. ಜರ್ಮನಿಯಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಜಸ್ಟ್ ಪಾಸ್. ನಮ್ಮ ಅಂಕವನ್ನು ಇವರ ಗ್ರೇಡಿಗೆ ತಿರುಗಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಲ್ಲಿ ನಿಮ್ಮ ಅಂಕ ಕಳೆಯಬೇಕು. ಬಂದಿದ್ದನ್ನು ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರುವ ಅಂತರದಿಂದ ಭಾಗಿಸಬೇಕು. ಮೂರರಿಂದ ಗುಣಿಸಿ ಒಂದು ಕೂಡಿಸಬೇಕು. ಇಷ್ಟೇ.

ಈಗ ನೋಡಿ. ಪಾಸ್ ಅಂಕ 4 ಅಂತ ಹಿಡಿದರೆ ಇವಳ ಗ್ರೇಡ್ 2.4. ಪಾಸ್ ಅಂಕ 5 ಅಂತ ಹಿಡಿದರೆ 2.68. ಅದೇ ಹುಡುಗಿ, ಅದೇ ಮಾರ್ಕ್ಸ್ ಕಾರ್ಡು. ಎಷ್ಟೋ ಕೋರ್ಸುಗಳು ಕನಿಷ್ಠ 2.5 ಕೇಳುತ್ತವೆ. ಒಂದು ಲೆಕ್ಕದಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಹಾಗಾಗಿ ಕನಿಷ್ಠ ಪಾಸ್ ಅಂಕ ಎಷ್ಟು ಅಂತ ಮಾರ್ಕ್ಸ್ ಕಾರ್ಡಿನ ಹಿಂದೆ ಇದೆಯಾ ನೋಡಿ. ಇಲ್ಲದಿದ್ದರೆ ಕಾಲೇಜಿನಿಂದಲೋ ಯೂನಿವರ್ಸಿಟಿಯಿಂದಲೋ ಸೀಲು ಹಾಕಿಸಿ ಲೆಟರ್ ತಗೊಳ್ಳಿ. ಪ್ರಿನ್ಸಿಪಾಲರ ಆಫೀಸಿನ ಮುಂದೆ ನಾಲ್ಕು ಸಲ ಅಲೆಯಬೇಕಾದೀತು. ಅಲೆಯಿರಿ. ಎಸ್‌ಒಪಿಯಲ್ಲಿ "ಚಿಕ್ಕಂದಿನಿಂದಲೂ ನನಗೆ ಯಂತ್ರಗಳೆಂದರೆ ಆಸಕ್ತಿ" ಅಂತ ಬರೆಯುವುದಕ್ಕಿಂತ ಆ ಒಂದು ಹಾಳೆಗೆ ಬೆಲೆ ಜಾಸ್ತಿ.

ಗ್ರೇಡ್ ಆಯಿತು. ನಿಜವಾಗಿ ಪಟ್ಟಿ ಕರಗುವುದು ಕ್ರೆಡಿಟ್ ವಿಷಯದಲ್ಲಿ. ಯುರೋಪಿನಲ್ಲಿ ಒಂದು ಇಸಿಟಿಎಸ್ ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದಿನ ಲೆಕ್ಕ. ಕ್ಲಾಸು, ಮನೆಯಲ್ಲಿ ಓದಿದ್ದು, ಪರೀಕ್ಷೆಯ ತಯಾರಿ ಎಲ್ಲಾ ಸೇರಿ. ನಮ್ಮ ಕ್ರೆಡಿಟ್ಟು ವಾರಕ್ಕೆ ಎಷ್ಟು ಗಂಟೆ ಕ್ಲಾಸು ಅನ್ನುವುದರ ಮೇಲೆ ನಿಂತಿದೆ. ಎರಡೂ ಒಂದೇ ಅಲ್ಲ, ಮತ್ತು ಒಂದೊಂದು ಯೂನಿವರ್ಸಿಟಿ ಒಂದೊಂದು ರೀತಿ ಪರಿವರ್ತಿಸುತ್ತದೆ. ಆದರೆ ಯಾವ ವಿಷಯ ಓದಿದ್ದೀರಿ ಅನ್ನುವುದನ್ನು ಯಾರೂ ಬಿಡುವುದಿಲ್ಲ.

ನಮ್ಮ ಹುಡುಗಿಯ ಪಟ್ಟಿಯಲ್ಲಿ ಮೆಕಾಟ್ರಾನಿಕ್ಸ್ ಕೋರ್ಸುಗಳೇ ಜಾಸ್ತಿ ಇದ್ದವು. ಈಗ ಎಲ್ಲರಿಗೂ ರೋಬೋಟ್ ಬೇಕಲ್ಲ. ನಿಯಮಾವಳಿ ತೆಗೆದರೆ ಎಲೆಕ್ಟ್ರಾನಿಕ್ಸ್, ಕಂಟ್ರೋಲ್, ಪ್ರೋಗ್ರಾಮಿಂಗ್ ಈ ಮೂರರಲ್ಲೂ ಇಂತಿಷ್ಟು ಕ್ರೆಡಿಟ್ ಬೇಕು ಅಂತಿದೆ. ಅವಳ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಿದ್ದು ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಾನಿಕ್ಸು, ಒಂದು ಸಿ ಪ್ರೋಗ್ರಾಮಿಂಗು. ಅಲ್ಲಿಗೆ ಆರೇಳು ಹೆಸರು ಒಂದೇ ಏಟಿಗೆ ಹೋಯಿತು. ಅವಳ ಮುಖ ಸಪ್ಪಗಾಯಿತು. ಆದರೆ ಅದೇ ಮಾರ್ಕ್ಸ್ ಕಾರ್ಡಿನಲ್ಲಿ ಹೀಟ್ ಟ್ರಾನ್ಸ್‌ಫರ್, ಫ್ಲೂಯಿಡ್ ಮೆಕ್ಯಾನಿಕ್ಸ್, ಫೈನೈಟ್ ಎಲಿಮೆಂಟ್ ಎಲ್ಲಾ ಇತ್ತು. ಗಣಿತದ ಪೇಪರುಗಳೂ ಇದ್ದವು. ಅದಕ್ಕೆ ಹೊಂದುವ ಸಿಮ್ಯುಲೇಷನ್, ಎನರ್ಜಿ ಕಡೆಯ ಕೋರ್ಸುಗಳು ಅವಳ ಶೀಟಿನಲ್ಲಿ ಒಂದೂ ಇರಲಿಲ್ಲ. ಯಾಕೆ? ಆ ಶೀಟು ಮಾಡಿಕೊಟ್ಟವರು ಅವಳ ಮಾರ್ಕ್ಸ್ ಕಾರ್ಡು ಬಿಚ್ಚಿಯೇ ನೋಡಿರಲಿಲ್ಲ.

ನಿಯಮಾವಳಿ ಆದಮೇಲೆ, ಕೋರ್ಸಿನ ಒಂದೊಂದು ವಿಷಯದ ವಿವರ ಇರುವ ಮಾಡ್ಯೂಲ್ ಹ್ಯಾಂಡ್‌ಬುಕ್ ತೆರೆಯಿರಿ. ಪ್ರತಿ ಕೋರ್ಸಿನ ಪುಟದಲ್ಲೂ ಹುಡುಕಿದರೆ ಸಿಗುತ್ತದೆ, ನೂರಾರು ಪುಟದ ಬೋರು ಹೊಡೆಸುವ ಪಿಡಿಎಫ್. ಕೋರ್ಸಿನ ಜಾಹೀರಾತಿನಲ್ಲಿ ‘ಇಂಗ್ಲಿಷ್ ಮಾಧ್ಯಮ’ ಅಂತಿರುತ್ತದೆ. ಹ್ಯಾಂಡ್‌ಬುಕ್ಕಿನಲ್ಲಿ ಐಚ್ಛಿಕ ವಿಷಯಗಳ ಮುಂದೆ ಭಾಷೆ ನೋಡುತ್ತಾ ಹೋಗಿ. ಕೆಲವು ಕಡೆ ಕಡ್ಡಾಯ ವಿಷಯ ಮಾತ್ರ ಇಂಗ್ಲಿಷಿನಲ್ಲಿ, ನಿಮಗೆ ಬೇಕಾದ ಒಳ್ಳೊಳ್ಳೆ ಐಚ್ಛಿಕಗಳೆಲ್ಲ ಜರ್ಮನ್‌ನಲ್ಲಿ. ಯಾವ ವಿಷಯ ಯಾವ ಸೆಮಿಸ್ಟರಿನಲ್ಲಿ, ಯಾವ ಪ್ರೊಫೆಸರದು, ಪರೀಕ್ಷೆ ಬರೆಯುವುದಾ ಮೌಖಿಕವಾ, ಅದೂ ಅಲ್ಲೇ ಇದೆ. ಇದನ್ನು ಓದಿದ ಮೇಲೆ ಇಪ್ಪತ್ತೈದು ಹೆಸರು ಉಳಿಸಿಕೊಂಡವರನ್ನು ನಾನಂತೂ ನೋಡಿಲ್ಲ.

ರ‍್ಯಾಂಕಿಂಗ್ ಬಗ್ಗೆ ಎರಡೇ ಮಾತು. ಕ್ಯೂಎಸ್ ಪಟ್ಟಿಯಲ್ಲಿ ದೊಡ್ಡ ಪಾಲು ಅಂಕ ಹೋಗುವುದು ಪ್ರೊಫೆಸರುಗಳ ನಡುವಿನ ಹೆಸರಿಗೆ, ಸಂಶೋಧನಾ ಲೇಖನಗಳಿಗೆ. ಜರ್ಮನಿಯಲ್ಲಿ ಸಂಶೋಧನೆಯ ದೊಡ್ಡ ಭಾಗ ನಡೆಯುವುದೇ ಯೂನಿವರ್ಸಿಟಿಯ ಹೊರಗೆ, ಮ್ಯಾಕ್ಸ್ ಪ್ಲಾಂಕ್, ಫ್ರೌನ್‌ಹೋಫರ್‌ನಂಥ ಸಂಸ್ಥೆಗಳಲ್ಲಿ. ಎಂಎಸ್ ಕ್ಲಾಸಿನಲ್ಲಿ ನಿಮಗೆ ಹೇಗೆ ಪಾಠ ಮಾಡುತ್ತಾರೆ ಅನ್ನುವುದು ಆ ನಂಬರಿನಲ್ಲಿ ಕಾಣುವುದಿಲ್ಲ. "ಟ್ಯೂಬಿಂಗನ್ನಾ? ಹೆಸರೇ ಕೇಳಿಲ್ವಲ್ಲಮ್ಮಾ" ಅಂತ ಒಬ್ಬರು ಅಪ್ಪ ಫೋನಿನಲ್ಲಿ ರಾಗ ಎಳೆದರು. 1477ರಲ್ಲಿ ಶುರುವಾದ ಯೂನಿವರ್ಸಿಟಿ ಅಂಕಲ್ ಅದು. ನಮ್ಮ ನಿಘಂಟಿನ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಅದೇ, ಅವರು 1903ರಲ್ಲಿ ತೀರಿಕೊಂಡಿದ್ದೂ ಅದೇ ಊರಲ್ಲಿ. ಕನ್ನಡದವರಾಗಿ ನಾವೇ ಹೀಗಂದರೆ ಹೇಗೆ!

ದುಡ್ಡಿನ ವಿಷಯಕ್ಕೆ ಬರೋಣ. "ಜರ್ಮನಿ ಫ್ರೀ" ಅನ್ನುವ ಮಾತು ಈಗ ಅರ್ಧ ಸತ್ಯ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್, ಟ್ಯೂಬಿಂಗನ್ ಎಲ್ಲಾ ಸೇರಿ, ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಫೀಸು. ಇದು 2017ರಿಂದ ಇದೆ. ಮ್ಯೂನಿಕ್ಕಿನ ಟೆಕ್ನಿಕಲ್ ಯೂನಿವರ್ಸಿಟಿ, ಅಂದರೆ ಟಿಯು ಮ್ಯೂನಿಕ್, 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವ ಹೊರಗಿನವರಿಗೆ ಫೀಸು ಹಾಕಿದೆ. ಮಾಸ್ಟರ್ಸ್‌ಗೆ ಕೋರ್ಸಿನ ಮೇಲೆ ಸೆಮಿಸ್ಟರಿಗೆ 4000 ಅಥವಾ 6000 ಯೂರೋ. ಮ್ಯೂನಿಕ್ಕಿನ ಮನೆ ಬಾಡಿಗೆ ಇಡೀ ದೇಶದಲ್ಲೇ ದುಬಾರಿ. ನನ್ನನ್ನು ಕೇಳಿದರೆ, ಸಾಲ ಮಾಡಿ ಬರುವ ಮಧ್ಯಮ ವರ್ಗದ ಮಕ್ಕಳು ಆ ಹೆಸರನ್ನು ಮೊದಲ ದಿನವೇ ಹೊಡೆದುಹಾಕಬಹುದು. ಬೈಯುವವರು ಬೈಯಿರಿ. ಅಲ್ಲಿ ಓದಿದವರು ನನ್ನ ಫ್ರೆಂಡ್ಸೇ ಇದ್ದಾರೆ, ಅವರೇ ಮೊದಲು ಬೈಯುತ್ತಾರೆ.

ಇದರ ಮೇಲೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟು, ಅಂದರೆ ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ತುಂಬಿಡುವ ಖಾತೆ. 2024ರ ಸೆಪ್ಟೆಂಬರಿನಲ್ಲಿ ಅದನ್ನು ವರ್ಷಕ್ಕೆ 11,904 ಯೂರೋ ಮಾಡಿದರು, ತಿಂಗಳಿಗೆ 992ರ ಲೆಕ್ಕ. ನಮ್ಮ ದುಡ್ಡಲ್ಲಿ ಹನ್ನೆರಡು ಲಕ್ಷದ ಆಸುಪಾಸು. ಇದು ಫೀಸಲ್ಲ, ನಿಮ್ಮದೇ ದುಡ್ಡು, ತಿಂಗಳು ತಿಂಗಳು ವಾಪಸ್ ಕೈಗೆ ಬರುತ್ತದೆ. ಆದರೆ ಆ 992ರಲ್ಲಿ ಮ್ಯೂನಿಕ್ಕಿನ ಒಂದು ರೂಮಿಗೇ ಎಷ್ಟು ಹೋಗುತ್ತದೆ, ಪೂರ್ವದ ಕಡೆಯ ಕೆಮ್ನಿಟ್ಸ್‌ನಲ್ಲೋ ಇಲ್ಮೆನೌನಲ್ಲೋ ಎಷ್ಟು ಹೋಗುತ್ತದೆ ಅಂತ ಪಕ್ಕದ ಕಾಲಮ್ಮಿನಲ್ಲಿ ಬರೆದು ನೋಡಿ. ಬರೆಯುವಾಗ ಊರಿನ ಹೆಸರಿನ ಸ್ಪೆಲಿಂಗ್ ಮೇಲೆ ಕಣ್ಣಿರಲಿ. ಫ್ರೈಬುರ್ಗ್ ಬೇರೆ, ಫ್ರೈಬೆರ್ಗ್ ಬೇರೆ. ಒಂದು ನೈಋತ್ಯದ ಮೂಲೆಯಲ್ಲಿ, 1500 ಯೂರೋ ಫೀಸಿರುವ ರಾಜ್ಯದಲ್ಲಿ. ಇನ್ನೊಂದು ಪೂರ್ವದ ಸ್ಯಾಕ್ಸನಿಯಲ್ಲಿ, 1765ರ ಹಳೆಯ ಗಣಿ ಯೂನಿವರ್ಸಿಟಿ. ಒಂದು ಊರಿನ ಕೋರ್ಸು, ಇನ್ನೊಂದು ಊರಿನ ಬಾಡಿಗೆ ಒಂದೇ ಸಾಲಿನಲ್ಲಿ ಸೇರಿಸಿದ ಶೀಟು ನನ್ನ ಹತ್ತಿರ ಬಂದಿದೆ.

ಅಪ್ಲಿಕೇಷನ್ನಿಗೂ ಖರ್ಚಿದೆ. ಎಷ್ಟೋ ಯೂನಿವರ್ಸಿಟಿಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಹಾಕಿದರೆ ಮೊದಲನೆಯದಕ್ಕೆ 75 ಯೂರೋ, ಆಮೇಲೆ ಒಂದೊಂದಕ್ಕೆ 30. ಹತ್ತು ಹಾಕಿದರೆ 345 ಯೂರೋ. ನಮ್ಮ ಮಾರ್ಕ್ಸ್ ಕಾರ್ಡು, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟಿಗೆ 18,000 ರೂಪಾಯಿ. ಇದು 2022ರ ನವೆಂಬರಿನಿಂದ ನಮ್ಮವರಿಗೆ ಕಡ್ಡಾಯವಾಗಿದೆ.

ಕನ್ಸಲ್ಟೆನ್ಸಿಗಳ ಬಗ್ಗೆ ಹೇಳದೆ ಇರಲು ಆಗುತ್ತಿಲ್ಲ. ಬೆಂಗಳೂರಿನಲ್ಲಿ ಈಗ ದರ್ಶಿನಿಗೊಂದರಂತೆ ‘ಫ್ರೀ ಕೌನ್ಸೆಲಿಂಗ್’ ಬೋರ್ಡು. ಬಾಡಿಗೆ, ಎಸಿ, ಕೋಟು ಹಾಕಿಕೊಂಡ ಹುಡುಗರ ಸಂಬಳ ಎಲ್ಲಿಂದ ಬರುತ್ತದೆ ಅಂತ ಯೋಚಿಸಿದ್ದೀರಾ? ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಖಾಸಗಿಯವರು ಕೊಡುತ್ತಾರೆ. ಹಾಗಾಗಿ ಪಟ್ಟಿಯ ಕೊನೆಯಲ್ಲಿ ಎರಡು ಮೂರು ಖಾಸಗಿ ಹೆಸರು ಹಸಿರು ಬಣ್ಣದಲ್ಲಿ ಬಂದು ಕೂತಿರುತ್ತವೆ. "ಇಲ್ಲಿ ಗ್ಯಾರಂಟಿ ಮೇಡಂ" ಅಂತಾರೆ. ಗ್ಯಾರಂಟಿ ಇರಲೇಬೇಕಲ್ಲ, ದುಡ್ಡು ಕೊಡುತ್ತಿರುವವರು ನೀವು! ಎಲ್ಲ ಖಾಸಗಿಯೂ ಕೆಟ್ಟದ್ದು ಅನ್ನಲಾರೆ. ಆದರೆ ಫೀಸು ಕಡಿಮೆ ಅಂತ ಜರ್ಮನಿ ಆರಿಸಿಕೊಂಡು, ಇಲ್ಲಿ ಬಂದು ವರ್ಷಕ್ಕೆ ಹತ್ತು ಲಕ್ಷದ ಮೇಲೆ ಫೀಸು ಕಟ್ಟುವುದರ ಲೆಕ್ಕ ನನಗಂತೂ ಹತ್ತುವುದಿಲ್ಲ. ಹಾಗೇ, ಸರ್ಕಾರಿ ಯೂನಿವರ್ಸಿಟಿಯ ಹೆಸರಿನಲ್ಲೇ ಪೂರ್ತಿ ಫೀಸಿನ ಕೆಲವು ಕೋರ್ಸುಗಳೂ ನಡೆಯುತ್ತವೆ. ಹೆಸರುವಾಸಿ ಆಖೆನ್ ಯೂನಿವರ್ಸಿಟಿಯಲ್ಲೂ ಇವೆ. ಕೋರ್ಸಿನ ಪುಟದಲ್ಲಿ ಟ್ಯೂಷನ್ ಅನ್ನುವ ಸಾಲನ್ನು ಕಣ್ಣಾರೆ ನೋಡಿ.

ಇನ್ನೊಂದು ಹೆಸರು ನಮ್ಮವರು ಸುಮ್ನೆ ಹೊಡೆದುಹಾಕುತ್ತಾರೆ: ಹೋಕ್‌ಶೂಲೆ, ಅಂದರೆ ಸಂಶೋಧನೆಗಿಂತ ಕೆಲಸಕ್ಕೆ ಹತ್ತಿರದ ಓದು ಕೊಡುವ ಯೂನಿವರ್ಸಿಟಿ ಆಫ್ ಅಪ್ಲೈಡ್ ಸೈನ್ಸಸ್. ‘ಅಪ್ಲೈಡ್ ಸೈನ್ಸಸ್’ ಅಂತ ನೋಡಿದ ತಕ್ಷಣ ಡಿಪ್ಲೊಮಾ ಕಾಲೇಜು ಅಂದುಕೊಳ್ಳುತ್ತಾರೆ. ಎಸ್ಲಿಂಗನ್, ಇಂಗೋಲ್‌ಸ್ಟಾಟ್ ಕಡೆಯ ಹೋಕ್‌ಶೂಲೆಗಳ ಸುತ್ತ ಕಾರ್ಖಾನೆಗಳೇ ಇವೆ, ಇಂಗೋಲ್‌ಸ್ಟಾಟ್‌ನಲ್ಲಂತೂ ಆಡಿಯ ಕೇಂದ್ರ ಕಚೇರಿಯೇ ಇದೆ. ಕಂಪನಿಯಲ್ಲೇ ಥೀಸಿಸ್ ಮಾಡುವುದು ಇಲ್ಲಿ ಮಾಮೂಲು. ಪಿಎಚ್‌ಡಿ ಮಾಡಲೇಬೇಕು ಅನ್ನುವವರು ಮಾತ್ರ ಯೂನಿವರ್ಸಿಟಿಯ ಕಡೆ ವಾಲುವುದು ಒಳ್ಳೆಯದು.

ಊರು ಆರಿಸುವಾಗ ಕೆಲಸದ ಮಾತೂ ಬರುತ್ತದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರ್ಮಿಟ್ ಸಿಗುತ್ತದೆ. ಆದರೆ ಕಾರು ಕಂಪನಿಗಳ ಸ್ಥಿತಿ ಮೊದಲಿನಂತಿಲ್ಲ. ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಕೆಲಸ ಕಡಿಮೆ ಮಾಡುವ ಒಪ್ಪಂದಕ್ಕೆ 2024ರ ಡಿಸೆಂಬರಿನಲ್ಲೇ ಸಹಿ ಹಾಕಿದೆ. ಬರೀ ‘ಆಟೋಮೋಟಿವ್’ ಅಂತ ಹೆಸರಿರುವ ಕೋರ್ಸುಗಳಿಂದಲೇ ಪಟ್ಟಿ ತುಂಬಿಸಬೇಡಿ ಅಂತ ನಾನು ಮೆಕ್ಯಾನಿಕಲ್‌ನವರಿಗೆಲ್ಲ ಹೇಳುತ್ತಿದ್ದೇನೆ. ಮತ್ತೆ ಜರ್ಮನ್. ಬಿ1ಕ್ಕಾದರೂ, ಅಂದರೆ ದಿನನಿತ್ಯದ ಮಾತುಕತೆ ನಿಭಾಯಿಸುವ ನಡುವಿನ ಹಂತಕ್ಕಾದರೂ, ಬರದೆ ಸಣ್ಣ ಊರಿಗೆ ಹೋದರೆ ಬಾಡಿಗೆಯಲ್ಲಿ ಉಳಿಸಿದ್ದನ್ನು ಕೆಲಸ ಹುಡುಕುವಾಗ ಕಳೆದುಕೊಳ್ಳುತ್ತೀರಿ.

ತಾರೀಕಿನ ಬಗ್ಗೆ ಒಂದು ಎಚ್ಚರ. "ಜುಲೈ 15 ಕೊನೆಯ ದಿನ" ಅಂತ ಎಲ್ಲರೂ ಹೇಳುತ್ತಾರೆ. ಅಕ್ಟೋಬರಿನಲ್ಲಿ ಶುರುವಾಗುವ ಎಷ್ಟೋ ಇಂಗ್ಲಿಷ್ ಕೋರ್ಸುಗಳು ನಮ್ಮಂಥವರಿಗೆ ಮಾರ್ಚ್, ಮೇ ತಿಂಗಳಲ್ಲೇ ಬಾಗಿಲು ಹಾಕುತ್ತವೆ. ಅಷ್ಟರೊಳಗೆ ಎಪಿಎಸ್ ಕೈಯಲ್ಲಿರಬೇಕು.

ದಾವಣಗೆರೆ ಹುಡುಗಿಯ ಪಟ್ಟಿ ಈಗ ಆರಕ್ಕೆ ಬಂದು ನಿಂತಿದೆ. ಐದರ ಬಗ್ಗೆ ತಕರಾರಿಲ್ಲ. ಆರನೆಯದು ಬರ್ಲಿನ್. ಕ್ರೆಡಿಟ್ ಸರಿಹೋಗುತ್ತದೆ, ಫೀಸಿಲ್ಲ, ಆದರೆ ಅಲ್ಲಿ ರೂಮು ಸಿಗುವುದು ಎಷ್ಟು ಕಷ್ಟ ಅಂತ ನಾನು ಹೇಳುತ್ತಲೇ ಇದ್ದೇನೆ. "ಅಕ್ಕಾ, ಅದೊಂದು ಇರ‍್ಲಿ ಬಿಡಿ, ಪ್ಲೀಸ್" ಅನ್ನುತ್ತಾಳೆ. ಮೂವತ್ತು ಯೂರೋ ಅವಳದು, ಹಾಕಲಿ. ಬರ್ಲಿನ್‌ನಲ್ಲಿರುವ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ ಅಲ್ಲಿ ಈಗ ಬಾಡಿಗೆ ಹೇಗಿದೆ ಅಂತ ಕೆಳಗೆ ಬರೆಯಿರಿ, ಅವಳಿಗೆ ತೋರಿಸುತ್ತೇನೆ.