ಲಫಾಯೆಟ್‌ನನ್ನ ಕಳಿಸಿದ್ದು ಫ್ರಾನ್ಸ್ ರಾಜ ಅಲ್ಲ

ಫ್ರಾನ್ಸ್ ರಾಜ 16ನೇ ಲೂಯಿ ಲಫಾಯೆಟ್ ಅನ್ನೋ ಫ್ರೆಂಚ್ ಸಿರಿವಂತ ಮನೆತನದ ಹುಡುಗನಿಗೆ ಸೈನ್ಯ ಕೊಟ್ಟು, ಬ್ರಿಟಿಷರ ವಿರುದ್ಧ ನಡೀತಿದ್ದ ಅಮೆರಿಕಾದ ಸ್ವಾತಂತ್ರ್ಯ ಯುದ್ಧಕ್ಕೆ ಕಳಿಸ್ದ ಅಂತ ವಾಟ್ಸಾಪಲ್ಲಿ ಒಂದು ಮೆಸೇಜ್ ಓಡಾಡ್ತಿದೆಯಲ್ಲ, ಅದು ತಪ್ಪು. ಹೋಗ್ಬೇಡ ಅಂತ ರಾಜ ಆರ್ಡರ್ ಮಾಡಿದ್ರೂ 19 ವರ್ಷದ ಈ ಹುಡ್ಗ ಸ್ವಂತ ದುಡ್ಡಲ್ಲಿ ಹಡಗು ತಗೊಂಡು, ಬಸುರಿ ಹೆಂಡ್ತೀನ ಮನೇಲಿ ಬಿಟ್ಟು, 1777ರ ಏಪ್ರಿಲ್‌ನಲ್ಲಿ ಸ್ಪೇನ್ ಕಡೆಯಿಂದ ಹೊರಟೇಬಿಟ್ಟ. ಅಮೆರಿಕಾದಲ್ಲಿ ಸಂಬಳ ಬೇಡ ಅಂದ, ಮೇಜರ್ ಜನರಲ್ ಪಟ್ಟ ಸಿಕ್ತು, ಸೆಪ್ಟೆಂಬರ್‌ನಲ್ಲಿ ಬ್ರಾಂಡಿವೈನ್ ಕಾಳಗದಲ್ಲಿ ಕಾಲಿಗೆ ಗುಂಡೂ ಬಿತ್ತು.

ಆಗಿನ್ನೂ ಫ್ರಾನ್ಸ್ ಬಹಿರಂಗವಾಗಿ ಯುದ್ಧಕ್ಕೆ ಇಳಿದಿರ್ಲೇ ಇಲ್ಲ. ಅಮೆರಿಕನ್ನರಿಗೆ ಗುಟ್ಟಾಗಿ ಮದ್ದುಗುಂಡು ಕೊಡ್ತಿತ್ತು, ಅಷ್ಟೆ. ಅಮೆರಿಕಾದ ಸಾರಟೋಗಾದಲ್ಲಿ ಬ್ರಿಟಿಷ್ ಜನರಲ್ ಬರ್ಗಾಯ್ನ್ ಇಡೀ ಸೈನ್ಯದ ಸಮೇತ ಅಕ್ಟೋಬರ್ 17ಕ್ಕೆ ಶರಣಾದ, ಆದ್ರೆ ಆ ಸುದ್ದಿ ಹಡಗಲ್ಲಿ ಪ್ಯಾರಿಸ್ ಹತ್ರ ಇದ್ದ ಅಮೆರಿಕಾದ ಪ್ರತಿನಿಧಿ ಬೆಂಜಮಿನ್ ಫ್ರಾಂಕ್ಲಿನ್‌ಗೆ ಮುಟ್ಟೋಕೆ ಡಿಸೆಂಬರ್ 4 ಆಯ್ತು. ಆಮೇಲೆ ಮಾತುಕತೆ ಚುರುಕಾಗಿ 1778ರ ಫೆಬ್ರವರಿ 6ಕ್ಕೆ ಫ್ರಾನ್ಸ್ ಮತ್ತು ಅಮೆರಿಕಾ ಮಧ್ಯೆ ಮೈತ್ರಿ ಒಪ್ಪಂದಕ್ಕೆ ಸಹಿ.

ಇನ್ನು ಲಫಾಯೆಟ್ 1779ರಲ್ಲಿ ಫ್ರಾನ್ಸ್‌ಗೆ ವಾಪಸ್ ಬಂದಾಗ ಆರ್ಡರ್ ಮೀರಿದ್ದಕ್ಕೆ ಸ್ವಲ್ಪ ದಿನ ಗೃಹಬಂಧನ, ಮಾವನ ಮನೇಲೇ, ಹೆಸರಿಗೊಂದು ಶಿಕ್ಷೆ ಅನ್ನಿ. ಅದೇ ವರ್ಷ ಹುಟ್ಟಿದ ಮಗನಿಗೆ ಅಮೆರಿಕಾ ಸೇನೆಯ ಮುಖ್ಯಸ್ಥ ಜಾರ್ಜ್ ವಾಷಿಂಗ್ಟನ್‌ನ ಹೆಸರನ್ನೇ ಇಟ್ಟ. ರಾಜ ನಿಜವಾಗ್ಲೂ ಸೈನ್ಯ ಕಳ್ಸಿದ್ದು 1780ರಲ್ಲಿ, ಅದ್ರ ಮುಖ್ಯಸ್ಥ ರೋಶಾಂಬೋ. ಆ ಸೈನ್ಯ ಬರ್ತಿದೆ ಅನ್ನೋ ಸುದ್ದೀನ ಮುಂಚೆ ಹೋಗಿ ವಾಷಿಂಗ್ಟನ್‌ಗೆ ಮುಟ್ಟಿಸಿದ್ದು ಮಾತ್ರ ಲಫಾಯೆಟ್.